ಗರ್ಭಿಣಿಯ ಕಾಲಿನ ಚಡಪಡಿಕೆ ಮತ್ತು ವ್ರತವಿವೇಕ

ಸಾಮಾಯಿಕವೆಂಬ ಶಿಕ್ಷಾವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ. ಮನಸ್ಸು, ಮಾತು, ಕಾಯ ಈ ಮೂರರ ದುಷ್ಪ್ರಣಿಧಾನ, ಅನಾದರ ಮತ್ತು ಸ್ಮೃತ್ಯನುಪಸ್ಥಾನ ಎಂಬಿವೇ ಆ ಐದು. ಕೈಕಾಲುಗಳನ್ನು ನಿಶ್ಚಲವಾಗಿ ಇರಿಸಿಕೊಳ್ಳದೆ ಅತ್ತಿತ್ತ ಆಡಿಸುವುದು ಕಾಯದುಷ್ಪ್ರಣಿಧಾನವೆನಿಸುತ್ತದೆ. ಇದು ಸಾಮಾನ್ಯವಾಗಿ ಎಲ್ಲ ಶ್ರಾವಕ ಶ್ರಾವಿಕೆಯರಿಗೂ ತಿಳಿದ ವಿಷಯ. ಆದರೆ ಎಂಟನೆಯ ತಿಂಗಳಿನ ಗರ್ಭಿಣಿಯೊಬ್ಬಳು ಸಂಜೆಯ ಸಾಮಾಯಿಕಕ್ಕೆ ಕುಳಿತಿದ್ದಾಳೆಂದು ಭಾವಿಸಿದರೆ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ಕುಳಿತ ಹತ್ತು ನಿಮಿಷಕ್ಕೆ ಅವಳ ಕಾಲುಗಳೊಳಗೆ ಏನೋ ಹರಿದಾಡತೊಡಗುತ್ತದೆ. ತಡೆದಷ್ಟೂ ಹೆಚ್ಚುತ್ತದೆ. ನಲವತ್ತೆಂಟು ನಿಮಿಷ ಮುಗಿಯುವುದರೊಳಗೆ ಅವಳು ಹಲವು ಬಾರಿ ಕಾಲು ಚಾಚುತ್ತಾಳೆ, ಮಡಿಸುತ್ತಾಳೆ, ಕೊನೆಗೆ ಎದ್ದು ನಿಲ್ಲುತ್ತಾಳೆ. ಇದು ಅತಿಚಾರವೇ? ಇದಕ್ಕೆ ಪ್ರಾಯಶ್ಚಿತ್ತ ಬೇಕೇ?

ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯದಲ್ಲ. ಒಂದು ಗೃಹದ ಶಾಂತಿಯೂ ಒಂದು ಶಿಶುವಿನ ಕ್ಷೇಮವೂ ಇದನ್ನು ಅವಲಂಬಿಸಿವೆ. ಕುಳಿತಲ್ಲಿ ಕಾಲು ಅಲುಗಿಸಿದರೆ ಮನೆಗೆ ದಾರಿದ್ರ್ಯವೆಂಬ ಮಾತು ನಮ್ಮ ನಾಡಿನ ಮನೆಗಳಲ್ಲಿ ಹಳೆಯದು. ಹಿರಿಯರು ಅದನ್ನೇ ಹೇಳಿ ಗದರಿಸುವುದುಂಟು. ಸ್ವಲ್ಪ ಶಾಸ್ತ್ರ ಬಲ್ಲವರು ಮನಸ್ಸು ನಿಂತರೆ ಕಾಲೂ ನಿಲ್ಲುತ್ತದೆ ಎಂದು ಉಪದೇಶಿಸುವರು. ಇನ್ನೂ ಸ್ವಲ್ಪ ಬಲ್ಲವರು ಅಸಾತಾವೇದನೀಯದ ಉದಯ, ಅನುಭವಿಸಿಯೇ ತೀರಬೇಕು ಎಂದು ಮುಗಿಸುವರು. ಮೂರು ಮಾತುಗಳನ್ನೂ ಕೇಳಿದ ಹೆಣ್ಣುಮಗಳು ತನ್ನ ಬಾಧೆಯನ್ನು ಬಚ್ಚಿಡಲು ಕಲಿಯುತ್ತಾಳೆ. ರಾತ್ರಿಯೆಲ್ಲ ಹಜಾರದಲ್ಲಿ ಸದ್ದಿಲ್ಲದೆ ನಡೆದಾಡುತ್ತಾಳೆ. ತನ್ನಲ್ಲಿ ಸಂಯಮ ಸಾಲದೆಂದು ಬಗೆದು, ಅದರ ಶುದ್ಧಿಗಾಗಿ ಮುಂದಿನ ಅಷ್ಟಮಿಗೆ ಒಂದು ಉಪವಾಸವನ್ನು ಹೆಚ್ಚಾಗಿಯೇ ಹಿಡಿಯುತ್ತಾಳೆ. ಅಪಾಯವಿರುವುದು ಇಲ್ಲಿಯೇ. ಆ ಬಾಧೆಯ ಮೂಲವು ದೇಹದಲ್ಲಿನ ಒಂದು ಕೊರತೆಯಾಗಿದ್ದರೆ, ಅದಕ್ಕೆ ವಿಧಿಸಿಕೊಂಡ ಪ್ರಾಯಶ್ಚಿತ್ತವೇ ಕೊರತೆಯನ್ನು ಹೆಚ್ಚಿಸುತ್ತದೆ. ಆದುದರಿಂದ ತೀರ್ಪಿಗೆ ಮೊದಲು ಕಾರಣವನ್ನು ಅರಸುವುದು ಯುಕ್ತ.

ಬಾಧೆಯ ಲಕ್ಷಣ

ಈ ಬಾಧೆ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ, ಹಾಸಿಗೆಯ ಮೇಲೆ ಮಲಗಿದೊಡನೆ ಕೈಕಾಲುಗಳು ತಳಮಳಗೊಂಡು ನಿದ್ರೆಯೇ ಬಾರದಂತಾಗುವ ರೋಗಿಗಳನ್ನು ವರ್ಣಿಸಿದ್ದಾನೆ. ಚಿತ್ರಹಿಂಸೆಯ ಸ್ಥಳದಲ್ಲಿರುವವರಿಗೆ ಎಷ್ಟು ನಿದ್ರೆಯೋ ಅವರಿಗೂ ಅಷ್ಟೇ ಎಂಬುದು ಅವನ ಅಭಿಪ್ರಾಯ. ಮುಂದೆ ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೋಮ್ 1945ರಲ್ಲಿ ಈ ವಿಷಯವಾಗಿಯೇ ಒಂದು ಪ್ರಬಂಧವನ್ನು ಬರೆದು, ಇದಕ್ಕೆ ‘ರೆಸ್ಟ್‌ಲೆಸ್ ಲೆಗ್ಸ್’, ಅಂದರೆ ವಿಶ್ರಾಂತಿಯಿಲ್ಲದ ಕಾಲುಗಳು, ಎಂಬ ಹೆಸರನ್ನು ಬಳಕೆಗೆ ತಂದನು. ಈ ಬಾಧೆಗೂ ಗರ್ಭಧಾರಣೆಗೂ, ಈ ಬಾಧೆಗೂ ದೇಹದ ಕಬ್ಬಿಣಾಂಶದ ಕೊರತೆಗೂ ಇರುವ ನಂಟನ್ನು ಗಮನಿಸಿದವರಲ್ಲಿಯೂ ಅವನು ಮೊದಲಿಗರ ಸಾಲಿನವನು.

ಇದರ ಲಕ್ಷಣಗಳು ನಾಲ್ಕು. ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ಪ್ರೇರಣೆ ಮೊದಲನೆಯದು. ಅದರ ಜೊತೆಗೆ ಇರುವೆ ಹರಿದಂತೆ, ಜುಮುಗುಟ್ಟಿದಂತೆ, ಮೂಳೆಯೊಳಗಿನಿಂದ ಎಳೆದಂತೆ ಅನ್ನಿಸುವುದುಂಟು. ಕುಳಿತಾಗ, ಮಲಗಿದಾಗ ಅದು ತೊಡಗುವುದು ಅಥವಾ ಹೆಚ್ಚುವುದು ಎರಡನೆಯದು. ನಡೆದಾಡಿದರೆ, ಕಾಲು ಚಾಚಿದರೆ ಆ ಹೊತ್ತಿಗೆ ಶಮನವಾಗುವುದು ಮೂರನೆಯದು. ಸಂಜೆ ಮತ್ತು ರಾತ್ರಿಯಲ್ಲಿ ಪ್ರಬಲವಾಗಿ ಬೆಳಗಿನಲ್ಲಿ ಸೌಮ್ಯವಾಗಿರುವುದು ನಾಲ್ಕನೆಯದು. ಬಸುರಿಯರಿಗೆ ನಡುರಾತ್ರಿಯಲ್ಲಿ ಮೀನಖಂಡ ಗಂಟುಕಟ್ಟಿದಂತೆ ಹಿಡಿದುಕೊಳ್ಳುವ ನೋವು ಬೇರೆ, ಇದು ಬೇರೆ. ಕಾಲಿನ ಬಾವೂ ಬೇರೆ. ಒಂದೇ ಕಾಲು ಊದಿಕೊಂಡು, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದುದರ ಸೂಚನೆಯಾಗಿರಬಹುದಾದ್ದರಿಂದ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಎಷ್ಟು ಜನಕ್ಕೆ ಈ ಬಾಧೆ ಬರುತ್ತದೆ? ಇಟಲಿಯಲ್ಲಿ 606 ಗರ್ಭಿಣಿಯರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಕಂಡುಬಂದಿತು. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದರೆ ಸುಮಾರು ಐವರಲ್ಲಿ ಒಬ್ಬರು ಎನ್ನಬಹುದು. ಏಳನೆಯ ತಿಂಗಳಿನಿಂದ ಇದು ಹೆಚ್ಚುತ್ತದೆ. ಹೆರಿಗೆಯಾದ ಕೆಲವು ದಿನ, ಕೆಲವು ವಾರಗಳಲ್ಲಿ ಬಹುಮಂದಿಗೆ ತಾನಾಗಿ ಇಲ್ಲವಾಗುತ್ತದೆ. ಐವರಲ್ಲಿ ಒಬ್ಬ ಗರ್ಭಿಣಿಗೆ, ಅದೂ ಕೊನೆಯ ಮೂರು ತಿಂಗಳುಗಳಲ್ಲಿ ಮಾತ್ರ ಸಂಯಮ ಸಡಿಲಗೊಂಡು, ಹೆರಿಗೆಯೊಡನೆ ಮರಳಿ ಬರುತ್ತದೆ ಎಂದು ಯಾರೂ ಹೇಳಲಾರರು. ಕಾರಣವು ಗರ್ಭಾವಸ್ಥೆಯಲ್ಲಿಯೇ ಇದೆಯೆಂಬುದನ್ನು ಈ ಕಾಲಕ್ರಮವೇ ತೋರಿಸಿಕೊಡುತ್ತದೆ.

ಇಚ್ಛೆಯ ಪ್ರಶ್ನೆ

ಇಲ್ಲಿ ಒಂದು ಸೂಕ್ಷ್ಮವಿದೆ. ಚಳಿಜ್ವರದವನ ದೇಹ ನಡುಗುವುದು ಅವನ ಇಚ್ಛೆಯಿಂದಲ್ಲ; ಅದನ್ನು ಯಾರೂ ದೋಷವೆನ್ನುವುದಿಲ್ಲ. ಆದರೆ ಈ ಬಾಧೆಯಲ್ಲಿ ಕಾಲು ತಾನಾಗಿ ಆಡುವುದಿಲ್ಲ. ಅವಳೇ ಅದನ್ನು ಆಡಿಸುತ್ತಾಳೆ. ಬೇಕೆಂದರೆ ಸ್ವಲ್ಪ ಹೊತ್ತು ತಡೆದುಕೊಳ್ಳಲೂ ಬಲ್ಲಳು. ನೋಡುವವರಿಗೆ ಇದು ಚಾಂಚಲ್ಯದಂತೆ ಕಾಣುವುದು ಈ ಕಾರಣದಿಂದಲೇ. ತಡೆಯಲು ಒಂದು ಕ್ಷಣ ಸಾಧ್ಯವಾದರೆ ಎರಡು ಕ್ಷಣವೇಕೆ ಸಾಧ್ಯವಿಲ್ಲ, ಒಂದು ಮುಹೂರ್ತವೇಕೆ ಸಾಧ್ಯವಿಲ್ಲ ಎಂಬ ತರ್ಕ ಸುಲಭವಾಗಿ ಹುಟ್ಟುತ್ತದೆ.

ಉಸಿರನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ತರ್ಕದ ಸಡಿಲು ತಿಳಿಯುತ್ತದೆ. ಉಸಿರನ್ನು ಯಾರೂ ಸ್ವಲ್ಪ ಹೊತ್ತು ಹಿಡಿಯಬಲ್ಲರು. ಹಾಗೆಂದು ಕೊನೆಗೆ ಉಸಿರು ಬಿಟ್ಟವನನ್ನು ಅಸಂಯಮಿಯೆಂದು ಕರೆಯುವುದಿಲ್ಲ. ಇಚ್ಛೆಯು ಕ್ರಿಯೆಯನ್ನು ಆಳಬಲ್ಲದು, ಆದರೆ ಆ ಕ್ರಿಯೆಯನ್ನು ಬೇಡುವ ಒತ್ತಡವನ್ನು ಹುಟ್ಟಿಸುವುದಾಗಲಿ ಅಳಿಸುವುದಾಗಲಿ ಅದರ ಕೈಯಲ್ಲಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದದ ಯೋಗವನ್ನು ಮುಂದಿಟ್ಟಿದೆ. ಅಂತೆಯೇ ಅತಿಚಾರದ ವಿಷಯದಲ್ಲಿಯೂ ಅಂಗದ ಚಲನೆಯೊಂದನ್ನೇ ಅಳೆಯುವುದು ಸಲ್ಲದು. ಅದರ ಹಿಂದೆ ಪ್ರಮಾದವಿದೆಯೇ ಎಂಬುದು ಪ್ರಶ್ನೆ. ಆಲಸ್ಯದಿಂದ ಕಾಲಾಡಿಸುವವನ ಚಲನೆಯೂ ಕಾಲಿನ ಯಾತನೆಯನ್ನು ಕಳೆದು ಮತ್ತೆ ಜಪಕ್ಕೆ ಮರಳಬಯಸುವವಳ ಚಲನೆಯೂ ಕಣ್ಣಿಗೆ ಒಂದೇ. ಭಾವದಲ್ಲಿ ಅವು ಒಂದಲ್ಲ.

ಕಾರಣಗಳ ವಿಚಾರ

ಗರ್ಭಾವಸ್ಥೆಯ ಪೂರ್ಣ ಅವಧಿಯಲ್ಲಿ ತಾಯಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ ಎಂದು ವೈದ್ಯಶಾಸ್ತ್ರ ಲೆಕ್ಕ ಹಾಕಿದೆ. ಇದರಲ್ಲಿ ಸುಮಾರು 300 ಮಿಲಿಗ್ರಾಂ ಶಿಶುವಿಗೂ ಮಾಸುವಿಗೂ ಸಲ್ಲುತ್ತದೆ. ಸುಮಾರು 500 ಮಿಲಿಗ್ರಾಂ ತಾಯಿಯ ದೇಹದಲ್ಲಿ ಹೊಸದಾಗಿ ಬೆಳೆಯುವ ಕೆಂಪು ರಕ್ತಕಣಗಳಿಗೆ ಬೇಕು. ಉಳಿದುದು ದಿನನಿತ್ಯ ದೇಹದಿಂದ ಹೊರಹೋಗುವ ಅಂಶವನ್ನು ತುಂಬುವುದಕ್ಕಾಗಿ. ಈ ಬೇಡಿಕೆಯ ಬಹುಭಾಗ ಗರ್ಭದ ಉತ್ತರಾರ್ಧದಲ್ಲಿಯೇ ಬರುತ್ತದೆ. ತಾಯಿಯ ಊಟದಲ್ಲಿ ಸಾಲದೆ ಹೋದರೆ ಶಿಶುವು ತಾಯಿಯ ಸಂಗ್ರಹದಿಂದ ಪಡೆದುಕೊಳ್ಳುತ್ತದೆ. ಹೀಗಾಗಿ ಶಿಶು ಬೆಳೆಯುತ್ತಿರುವಂತೆಯೇ ತಾಯಿಯ ಉಗ್ರಾಣ ಬರಿದಾಗುತ್ತದೆ.

ಆ ಉಗ್ರಾಣದ ಅಳತೆ ಫೆರಿಟಿನ್ ಎಂಬ ಪ್ರೋಟೀನು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತಕ್ಕಷ್ಟಿದ್ದರೂ ಫೆರಿಟಿನ್ ತೀರ ಕೆಳಗಿಳಿದಿರಬಹುದು. ಏಕೆಂದರೆ ಉಗ್ರಾಣ ಮೊದಲು ಬರಿದಾಗುತ್ತದೆ, ರಕ್ತ ಕೆಡುವುದು ಆ ಬಳಿಕ. ರಕ್ತ ಚೆನ್ನಾಗಿದೆಯೆಂದು ಕೇಳಿ ಬಂದ ಮಾತ್ರಕ್ಕೆ ಕಬ್ಬಿಣದ ಕೊರತೆಯಿಲ್ಲವೆಂದು ತಿಳಿಯಲಾಗದು. ನಮ್ಮ ದೇಶದಲ್ಲಿ ಈ ಕೊರತೆ ಎಷ್ಟು ವ್ಯಾಪಕವೆಂಬುದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಸಾಕ್ಷಿ. ಅದರಂತೆ ಗರ್ಭಿಣಿಯರಲ್ಲಿ ಶೇಕಡ 52ರಷ್ಟು ಮಂದಿ ರಕ್ತಹೀನರು. ಮಣ್ಣು, ಬೂದಿ, ಹಸಿ ಅಕ್ಕಿ ಮೊದಲಾದವನ್ನು ತಿನ್ನಬೇಕೆಂಬ ವಿಚಿತ್ರ ಬಯಕೆಗೂ ಈ ಕೊರತೆಗೂ ಸಂಬಂಧವುಂಟು. ಪೃಥ್ವೀಕಾಯದ ಜೀವಗಳಿಗೆ ಬಾಧೆಯಾಗಬಾರದೆಂದು ಬಲ್ಲ ಶ್ರಾವಿಕೆಯೂ ಗುಟ್ಟಾಗಿ ಮಣ್ಣು ತಿಂದು ಪಶ್ಚಾತ್ತಾಪ ಪಡುವಂತಾದರೆ, ಅವಳನ್ನು ಜಿಹ್ವಾಲೋಲುಪಳೆಂದು ಹಳಿಯುವ ಮುನ್ನ ಅವಳ ರಕ್ತವನ್ನು ಪರೀಕ್ಷಿಸುವುದು ನ್ಯಾಯ.

ರಕ್ತದ ಕೊರತೆಗೂ ಕಾಲಿನ ತಳಮಳಕ್ಕೂ ನಡುವಣ ಸೇತುವೆ ಮೆದುಳಿನಲ್ಲಿದೆ. ಅಂಗಗಳ ಚಲನೆಯನ್ನು ಹದವಾಗಿ ನಡೆಸುವ ಡೋಪಮೀನ್ ಎಂಬ ರಾಸಾಯನಿಕವನ್ನು ಮೆದುಳು ತಯಾರಿಸಿಕೊಳ್ಳುವಾಗ, ಆ ಕ್ರಿಯೆಯ ಮುಖ್ಯ ಕಿಣ್ವಕ್ಕೆ ಕಬ್ಬಿಣವು ಬೇಕೇ ಬೇಕು. ಈ ಬಾಧೆಯುಳ್ಳವರ ಮಿದುಳುಬಳ್ಳಿಯ ದ್ರವದಲ್ಲಿ ಫೆರಿಟಿನ್ ಇತರರಿಗಿಂತ ಕಡಿಮೆಯಿರುವುದು 2000ದಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಅವರ ರಕ್ತದಲ್ಲಿ ಮಾತ್ರ ಅಂಥ ವ್ಯತ್ಯಾಸವಿರಲಿಲ್ಲ. ಡೋಪಮೀನಿನ ವ್ಯಾಪಾರ ಹಗಲಿಗಿಂತ ರಾತ್ರಿಯಲ್ಲಿ ತಗ್ಗುವುದು ಸಹಜ. ಸಂಜೆಯಾದೊಡನೆ ಬಾಧೆ ತಲೆಯೆತ್ತುವುದಕ್ಕೆ ಇದೊಂದು ಸಮಂಜಸವಾದ ವಿವರಣೆ.

ಕಾರಣ ಇದೊಂದೇ ಅಲ್ಲ. ಗರ್ಭಾವಸ್ಥೆಯಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟೆರೋನ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು ಬಹುವಾಗಿ ಏರುತ್ತವೆ. ಇವುಗಳಲ್ಲಿ ಈಸ್ಟ್ರೋಜೆನ್ ಕೊನೆಯ ತಿಂಗಳುಗಳಲ್ಲಿ ಶಿಖರಕ್ಕೇರಿ ಹೆರಿಗೆಯೊಡನೆ ಥಟ್ಟನೆ ಇಳಿಯುತ್ತದೆ. ಬಾಧೆಯ ಏರಿಳಿತವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತದೆ. ಫೋಲಿಕ್ ಆಮ್ಲದ ಕೊರತೆಗೂ ಇದಕ್ಕೂ ಸಂಬಂಧವಿರಬಹುದೆಂದು 1977ರಲ್ಲಿಯೇ ವೈದ್ಯಪತ್ರಿಕೆಯಲ್ಲಿ ಸೂಚಿತವಾಯಿತು, ಆದರೆ ಆ ಬಳಿಕದ ಅಧ್ಯಯನಗಳೆಲ್ಲವೂ ಅದನ್ನು ಒಂದೇ ಸ್ವರದಲ್ಲಿ ಒಪ್ಪಿಲ್ಲ. ವಂಶವೂ ಒಂದು ಕಾರಣ. ತಾಯಿಗೆ ಅಥವಾ ಸೋದರಿಗೆ ಇದ್ದ ಮನೆಯಲ್ಲಿ ಇದು ಹೆಚ್ಚು. ಈ ಬಾಧೆಗೆ ಒಲವು ತರುವ ಅನುವಂಶಿಕ ಅಂಶಗಳು 2007ರಲ್ಲಿ ಗುರುತಿಸಲ್ಪಟ್ಟವು. ಇವಲ್ಲದೆ ಮದ್ದೇ ಬಾಧೆಯನ್ನು ಕೆರಳಿಸುವುದೂ ಉಂಟು. ಬಸುರಿಯ ವಾಂತಿಗೆಂದು ಕೊಡುವ ಮೆಟೊಕ್ಲೋಪ್ರಮೈಡ್ ಡೋಪಮೀನಿನ ಕೆಲಸಕ್ಕೆ ಅಡ್ಡಬರುತ್ತದೆ. ನೆಗಡಿಗೂ ನಿದ್ರೆಗೂ ತೆಗೆದುಕೊಳ್ಳುವ, ಮಂಪರು ತರುವ ಕೆಲವು ಗುಳಿಗೆಗಳೂ ಹಾಗೆಯೇ. ಕಾಫಿ, ಟೀಗಳೂ ಕೆಲವರಿಗೆ ತೊಂದರೆ ಕೊಡುತ್ತವೆ.

ಕಬ್ಬಿಣಾಂಶ ಕಡಿಮೆಯಿರುವ ಎಲ್ಲ ಗರ್ಭಿಣಿಯರಿಗೂ ಈ ಬಾಧೆ ಬರುವುದಿಲ್ಲ. ಬಂದವರೆಲ್ಲರಲ್ಲಿಯೂ ಕಬ್ಬಿಣಾಂಶ ಕಡಿಮೆಯಿರುವುದಿಲ್ಲ. ಇಲ್ಲಿ ಒಂದೇ ಕಾರಣವನ್ನು ಹಿಡಿದು ಇದೇ ಸರಿ ಎಂಬುದು ಏಕಾಂತವಾದವಾಗುತ್ತದೆ. ಆಹಾರದ ದೃಷ್ಟಿಯಿಂದ ಇದು ಕೊರತೆ, ಹಾರ್ಮೋನುಗಳ ದೃಷ್ಟಿಯಿಂದ ಅವಸ್ಥಾಧರ್ಮ, ವಂಶದ ದೃಷ್ಟಿಯಿಂದ ಹುಟ್ಟಿನೊಡನೆ ಬಂದ ಒಲವು. ಪ್ರತಿಯೊಂದು ನಯವೂ ಒಂದು ಮುಖವನ್ನು ತೋರಿಸುತ್ತದೆ. ಹಾಗೆಂದು ಅನೇಕಾಂತವು ಕೈಕಟ್ಟಿ ಕೂಡುವುದಕ್ಕೆ ನೆಪವಲ್ಲ. ಇವುಗಳಲ್ಲಿ ವಂಶವನ್ನು ಬದಲಿಸಲಾಗದು, ಗರ್ಭದ ಹಾರ್ಮೋನುಗಳನ್ನು ತಡೆಯಲಾಗದು. ಆದರೆ ಕಬ್ಬಿಣಾಂಶವನ್ನು ಅಳೆಯಬಹುದು, ಸಾಲದಿದ್ದರೆ ತುಂಬಬಹುದು. ಕೈಗೆಟಕುವ ಕಾರಣವನ್ನು ಮೊದಲು ನೋಡಬೇಕೆಂಬುದೇ ವಿವೇಕ.

ಕರ್ಮವೂ ನಿಮಿತ್ತವೂ

ಎಲ್ಲವೂ ಅಸಾತಾವೇದನೀಯದ ಫಲವಾಗಿರುವಾಗ ರಕ್ತಪರೀಕ್ಷೆಯೇಕೆ, ಗುಳಿಗೆಯೇಕೆ ಎಂಬ ಆಕ್ಷೇಪಣೆ ಬರಬಹುದು. ಕರ್ಮಸಿದ್ಧಾಂತವನ್ನು ಅರ್ಧಕ್ಕೆ ನಿಲ್ಲಿಸಿದಾಗ ಹುಟ್ಟುವ ಪ್ರಶ್ನೆಯಿದು. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಉದಯಕ್ಕೆ ಬರುತ್ತದೆಂದು ಶಾಸ್ತ್ರವೇ ಹೇಳುತ್ತದೆ. ನಿಮಿತ್ತವನ್ನು ಒಪ್ಪಿದ ಮೇಲೆ ನಿಮಿತ್ತವನ್ನು ಪರೀಕ್ಷಿಸುವುದೂ ಸರಿಪಡಿಸುವುದೂ ಧರ್ಮವಿರೋಧಿಯಾಗಲಾರವು. ಹಾಗಿಲ್ಲದಿದ್ದರೆ ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನು ಚತುರ್ವಿಧ ದಾನಗಳಲ್ಲಿ ಸೇರಿಸುತ್ತಿದ್ದರೇ? ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸುವ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸುತ್ತಿದ್ದರೇ? ರೋಗವನ್ನು ನೋಡಿದಾಗ ಜೈನಪರಂಪರೆ ಕರ್ಮವೆಂದು ಹೇಳಿ ಸುಮ್ಮನಾಗಲಿಲ್ಲ. ಅಹಿಂಸೆಗೆ ಭಂಗಬಾರದ ಮದ್ದನ್ನು ಹುಡುಕಿತು.

ಇನ್ನೊಂದು ಮಾತೂ ಇದೆ. ತನಗೆ ಬಂದ ಕಷ್ಟದಲ್ಲಿ ಇದು ನನ್ನ ಕರ್ಮವೆಂದುಕೊಳ್ಳುವುದು ಸಮತೆಗೆ ದಾರಿ. ಪರರಿಗೆ ಬಂದ ಕಷ್ಟದಲ್ಲಿ ಅದು ಅವರ ಕರ್ಮವೆಂದುಕೊಳ್ಳುವುದು ಅನುಕಂಪೆಯನ್ನು ಒಣಗಿಸುತ್ತದೆ. ಅನುಕಂಪೆಯು ಸಮ್ಯಗ್ದರ್ಶನದ ಲಕ್ಷಣಗಳಲ್ಲಿ ಒಂದೆಂಬುದನ್ನು ನೆನೆದರೆ, ಒಂದೇ ಮಾತು ಬಾಯಿಯಿಂದ ಬಾಯಿಗೆ ಎಷ್ಟು ಬದಲಾಗುತ್ತದೆಂಬುದು ತಿಳಿಯುತ್ತದೆ.

ವ್ರತದ ಹದ

ಹಾಗಾದರೆ ಗರ್ಭಿಣಿಯು ವ್ರತವನ್ನೇ ಬಿಡಬೇಕೆ? ಅದು ಅವಳ ಮನಸ್ಸಿಗೂ ನೋವು, ಮನೆಯ ಸಂಸ್ಕಾರಕ್ಕೂ ಕುಂದು. ಇಲ್ಲಿ ವಿಭಾಗಿಸಿ ನೋಡುವುದು ಅಗತ್ಯ.

ಅನಶನದ ವಿಷಯ ಮೊದಲು. ತುಂಬುಗರ್ಭಿಣಿಯ ದೇಹ ಇತರರ ದೇಹಕ್ಕಿಂತ ಬೇಗನೆ ಉಪವಾಸದ ಸ್ಥಿತಿಗೆ ಹೋಗುತ್ತದೆ. ರಾತ್ರಿಯ ಬಳಿಕ ಬೆಳಗಿನ ಆಹಾರವನ್ನೂ ಬಿಟ್ಟರೆ ಅವಳ ರಕ್ತದ ಸಕ್ಕರೆ ಬೇಗ ಇಳಿದು, ದೇಹವು ಕೊಬ್ಬನ್ನು ಕರಗಿಸಿಕೊಳ್ಳಲು ತೊಡಗುವುದನ್ನು ಅಮೆರಿಕದ ನಾರ್ಬರ್ಟ್ ಫ್ರೈಂಕೆಲ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿಕೊಟ್ಟರು. ಅನಶನವೆಂದರೆ ತನ್ನ ಆಹಾರವನ್ನು ತಾನು ತ್ಯಜಿಸುವುದು. ಗರ್ಭಿಣಿಯು ತ್ಯಜಿಸಿದಾಗ ಪ್ರತ್ಯಾಖ್ಯಾನ ತೆಗೆದುಕೊಳ್ಳದ ಇನ್ನೊಂದು ಜೀವದ ಆಹಾರವೂ ಅದರೊಂದಿಗೆ ಕಡಿಮೆಯಾಗುತ್ತದೆ. ತನ್ನದನ್ನು ಬಿಡುವುದು ತ್ಯಾಗ, ಪರರದನ್ನು ಬಿಡಿಸುವುದು ತ್ಯಾಗವಲ್ಲ. ಆದುದರಿಂದ ಅನಂತನ ನೋಂಪಿಯೇ ಆಗಲಿ, ದಶಲಕ್ಷಣದ ಉಪವಾಸವೇ ಆಗಲಿ, ಈ ಕಾಲದಲ್ಲಿ ಕೈಗೊಳ್ಳದೆ ಮುಂದಿನ ವರ್ಷಕ್ಕೆ ಇರಿಸಿಕೊಂಡರೆ ಧರ್ಮಕ್ಕೆ ಲೋಪವಿಲ್ಲ.

ಆಹಾರದ ನಿಯಮಗಳಲ್ಲಿಯೂ ಹದ ಬೇಕು. ಚಾತುರ್ಮಾಸದಲ್ಲಿ ಸೂಕ್ಷ್ಮಜೀವಿಗಳ ರಕ್ಷಣೆಗಾಗಿ ಅನೇಕ ಮನೆಗಳಲ್ಲಿ ಸೊಪ್ಪನ್ನು ಬಿಡುವರು. ಸೊಪ್ಪಿನೊಡನೆ ಫೋಲಿಕ್ ಆಮ್ಲದ ಒಂದು ಮೂಲವೂ ಕಬ್ಬಿಣಾಂಶದ ಒಂದು ಮೂಲವೂ ಊಟದಿಂದ ಹೊರಬೀಳುತ್ತವೆ. ಅದಕ್ಕೆ ಬದಲಾಗಿ ಕಡಲೆ, ಹೆಸರು, ಹುರುಳಿ, ರಾಗಿ, ಎಳ್ಳುಗಳನ್ನು ಹೆಚ್ಚಿಸಿಕೊಳ್ಳಬೇಕು. ಸಸ್ಯಾಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಅಲ್ಪವೇ ಆದರೂ, ಊಟದೊಡನೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಹೆಚ್ಚು ದಕ್ಕುತ್ತದೆ. ಊಟದ ಜೊತೆಗೇ ಕಾಫಿ ಟೀ ಕುಡಿದರೆ ದಕ್ಕುವುದೂ ಕೈತಪ್ಪುತ್ತದೆ. ಇವೆಲ್ಲವೂ ವ್ರತದ ಚೌಕಟ್ಟಿನೊಳಗೆ ಸಾಧ್ಯವಾದವು.

ಆದರೂ ಗರ್ಭದ ಬೇಡಿಕೆಯನ್ನು ಊಟವೊಂದೇ ತುಂಬುವುದು ಕಷ್ಟ. 2018ರಲ್ಲಿ ತೊಡಗಿದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಂತೆ ನಾಲ್ಕನೆಯ ತಿಂಗಳಿನಿಂದ 180 ದಿನ, ದಿನಕ್ಕೊಂದರಂತೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಗುಳಿಗೆಯನ್ನು ಗರ್ಭಿಣಿಯರಿಗೆ ಕೊಡುವ ಏರ್ಪಾಡಿದೆ. ಇದನ್ನು ರಾತ್ರಿಯಲ್ಲಿಯೇ ನುಂಗಬೇಕೆಂಬ ನಿಯಮವಿಲ್ಲ. ಹಗಲಿನಲ್ಲಿ, ಎರಡು ಊಟಗಳ ನಡುವೆ ತೆಗೆದುಕೊಂಡರೆ ರಾತ್ರಿಭೋಜನತ್ಯಾಗಕ್ಕೆ ಯಾವ ಬಾಧಕವೂ ಇಲ್ಲ. ಕೆಲವು ಔಷಧಗಳ ಜಿಲೆಟಿನ್ ಕವಚ ಪ್ರಾಣಿಜನ್ಯವಾದುದೆಂಬ ಸಂಕೋಚ ನ್ಯಾಯವಾದುದೇ. ಕವಚವಿಲ್ಲದ ಗುಳಿಗೆಯನ್ನಾಗಲಿ ಸಸ್ಯಮೂಲದ ಕವಚದ ಔಷಧವನ್ನಾಗಲಿ ಕೇಳಿ ಪಡೆಯಬಹುದು.

ಕಾಲಿನ ಚಡಪಡಿಕೆಯುಳ್ಳ ಗರ್ಭಿಣಿಯ ಫೆರಿಟಿನ್ ಲೀಟರಿಗೆ 75 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಕಬ್ಬಿಣವನ್ನು ಕೊಡಬಹುದೆಂದು 2015ರ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಗುಳಿಗೆಯಿಂದ ಫಲ ಕಾಣದೆ ಕೊರತೆ ತೀವ್ರವಾಗಿದ್ದರೆ, ಮೂರು ತಿಂಗಳು ಕಳೆದ ಮೇಲೆ ರಕ್ತನಾಳದ ಮೂಲಕವೂ ಕೊಡುವುದುಂಟು. ಅಳತೆಯನ್ನೂ ಅವಧಿಯನ್ನೂ ನಿಶ್ಚಯಿಸುವ ಅಧಿಕಾರ ವೈದ್ಯರದು. ಕಬ್ಬಿಣವು ಮಿತಿಮೀರಿದರೆ ಅದೂ ಹಾನಿಕರ. ಬೇರೆಯವರಿಗೆ ಬರೆದುಕೊಟ್ಟ ಮದ್ದನ್ನು ತಾನಾಗಿ ತೆಗೆದುಕೊಳ್ಳುವುದು ಸರ್ವಥಾ ಸಲ್ಲದು.

ಸಾಮಾಯಿಕದ ವಿಷಯದಲ್ಲಿ ಕಾಲವೇ ಸಹಾಯಕ್ಕೆ ಬರುತ್ತದೆ. ಬಾಧೆ ಬೆಳಗಿನಲ್ಲಿ ಸೌಮ್ಯವಾದುದರಿಂದ ಪ್ರಾತಃಕಾಲದ ಸಾಮಾಯಿಕವನ್ನು ನೆಚ್ಚಿಕೊಳ್ಳಬಹುದು. ಸಂಜೆಗೆ ಮೆಲ್ಲನೆ ನಡೆಯುತ್ತ ಣಮೋಕಾರದ ಜಪವನ್ನೋ, ಕುಳಿತವರ ಸ್ವಾಧ್ಯಾಯಕ್ಕೆ ಕಿವಿಗೊಡುವುದನ್ನೋ ಇರಿಸಿಕೊಳ್ಳಬಹುದು. ಜೀವನಪರ್ಯಂತದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ ಎಂಬ ಭೇದವನ್ನು ಸಮಂತಭದ್ರಾಚಾರ್ಯರು ಮಾಡಿರುವುದು ಇಂಥ ಅವಸ್ಥೆಗಳಲ್ಲಿ ಬೆಳಕು ತೋರುತ್ತದೆ. ಅಹಿಂಸೆಯಂಥ ಮೂಲವ್ರತಗಳಿಗೆ ಗರ್ಭಾವಸ್ಥೆಯಲ್ಲಿ ಬಿಡುವಿಲ್ಲ. ಎಷ್ಟು ಹೊತ್ತು, ಎಷ್ಟು ದಿನ, ಯಾವ ಆಸನದಲ್ಲಿ ಎಂಬ ನಿಯಮಗಳನ್ನು ಮಾತ್ರ ಶಕ್ತಿಯರಿತು ಹಿಡಿಯುವುದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದೆ. ಶ್ವೇತಾಂಬರ ಪರಂಪರೆಯ ಪ್ರತ್ಯಾಖ್ಯಾನಗಳಲ್ಲಿಯೂ ರೋಗಾದಿಗಳಿಂದ ಸಮಾಧಿ ಕದಡುವ ಸಂದರ್ಭಕ್ಕೆ ಆಗಾರವೆಂಬ ಬಿಡುವನ್ನು ಮೊದಲೇ ಇರಿಸಿದೆ. ವ್ರತವನ್ನು ಕೊಟ್ಟವರೇ ದೇಹದ ಸಂಕಟವನ್ನು ಲೆಕ್ಕಕ್ಕೆ ಹಿಡಿದಿರುವಾಗ ವ್ರತವನ್ನು ಹಿಡಿದವರು ಅದನ್ನು ಮರೆಯುವುದು ಭಕ್ತಿಯ ಗುರುತಲ್ಲ.

ಮನೆಯವರ ತಪಸ್ಸು

ದ್ವಾದಶ ತಪಗಳಲ್ಲಿ ಅನಶನವು ಬಾಹ್ಯತಪ, ವೈಯಾವೃತ್ತ್ಯವು ಅಂತರಂಗತಪ. ಶಾಸ್ತ್ರದಲ್ಲಿ ವೈಯಾವೃತ್ತ್ಯವು ಮುಖ್ಯವಾಗಿ ಮುನಿಸಂಘದ ಸೇವೆಯನ್ನು ಕುರಿತದ್ದಾದರೂ ಅದರ ಭಾವ ಗೃಹದಲ್ಲಿಯೂ ಆಚರಣೀಯ. ಸಂಜೆಯ ಹೊತ್ತು ಆ ಹೆಣ್ಣುಮಗಳ ಕಾಲನ್ನು ಒತ್ತುವುದು, ಬೆಚ್ಚನೆಯ ನೀರನ್ನು ಕಾಯಿಸಿಕೊಡುವುದು, ಅವಳೊಡನೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ರಾತ್ರಿ ಕೆಟ್ಟ ನಿದ್ರೆಯನ್ನು ಅವಳು ಹಗಲಿನಲ್ಲಿ ತುಂಬಿಕೊಳ್ಳುವಂತೆ ಮನೆಗೆಲಸವನ್ನು ಹಂಚಿಕೊಳ್ಳುವುದು, ಇವೆಲ್ಲ ಅವಳ ಬಾಧೆಗೆ ಉಪಶಮನ, ಮಾಡುವವರಿಗೆ ನಿರ್ಜರೆ. ಅವಳು ಉಪವಾಸ ಮಾಡಲಾರದೆ ಹೋದ ದಿನ, ಗಂಡನೋ ಅತ್ತೆಯೋ ತಮ್ಮ ಗದರಿಕೆಯನ್ನು ಉಪವಾಸ ಕೆಡವಿದರೆ ಆ ಮನೆಯಲ್ಲಿ ಪರ್ವ ನಡೆದಂತೆಯೇ.

ನಿಶ್ಚಲತೆಯ ಅರ್ಥ

ಶ್ರವಣಬೆಳಗೊಳದ ಬೆಟ್ಟದ ಮೇಲೆ, ಸುಮಾರು 981ರಲ್ಲಿ ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿ ಕಾಯೋತ್ಸರ್ಗದಲ್ಲಿ ನಿಂತಿದೆ. ಬಳ್ಳಿ ಹಬ್ಬಿದರೂ ಅಲುಗದ ಆ ಕಾಲುಗಳನ್ನು ಕಂಡು ಕೈಮುಗಿದು ಬಂದವರಿಗೆ ಮನೆಯಲ್ಲಿ ಅಲುಗುವ ಕಾಲು ದೋಷವಾಗಿ ಕಾಣುವುದು ಅಸಹಜವೇನಲ್ಲ. ಆದರೆ ಬಾಹುಬಲಿಯ ಕಥೆಯಲ್ಲಿ ಕೇವಲಜ್ಞಾನವನ್ನು ತಡೆದದ್ದು ಕಾಲಿನ ಚಲನೆಯಲ್ಲ. ವರ್ಷಪೂರ್ತಿ ಕಾಲು ನಿಂತೇ ಇತ್ತು. ಮನದೊಳಗೆ ಉಳಿದ ಒಂದು ಶಲ್ಯ ಹೋದಾಗಲೇ ಜ್ಞಾನವಾಯಿತು. ದೇಹದ ನಿಶ್ಚಲತೆಯೇ ಸಾಕಾಗಿದ್ದರೆ ಮೊದಲ ದಿನವೇ ಸಾಕಾಗುತ್ತಿತ್ತು.

ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ಬರುವ ಇನ್ನೊಂದು ಪ್ರಸಂಗ ಈ ವಿಷಯಕ್ಕೆ ಇನ್ನೂ ಹತ್ತಿರವಾದುದು. ತ್ರಿಶಲಾದೇವಿಯ ಗರ್ಭದಲ್ಲಿದ್ದ ವರ್ಧಮಾನರು ತಮ್ಮ ಚಲನೆಯಿಂದ ತಾಯಿಗೆ ನೋವಾಗದಿರಲೆಂದು ನಿಶ್ಚಲರಾದರು. ಗರ್ಭ ಅಲುಗದುದನ್ನು ಕಂಡ ತಾಯಿ ಶಿಶುವಿಗೆ ಕೇಡಾಯಿತೆಂದು ಶೋಕಿಸಿದಳು. ಅದನ್ನರಿತು ಅವರು ಮೆಲ್ಲನೆ ಅಲುಗಿದರು. ತಂದೆತಾಯಿಗಳು ಬದುಕಿರುವವರೆಗೆ ಗೃಹತ್ಯಾಗ ಮಾಡುವುದಿಲ್ಲವೆಂದು ಅಲ್ಲಿಯೇ ಸಂಕಲ್ಪಿಸಿದರು. ಮೊದಲು ನಿಂತದ್ದೂ ಕರುಣೆಯಿಂದ, ಬಳಿಕ ಅಲುಗಿದ್ದೂ ಕರುಣೆಯಿಂದ. ನಿಶ್ಚಲತೆಯಾಗಲಿ ಚಲನೆಯಾಗಲಿ ತನ್ನಷ್ಟಕ್ಕೆ ಧರ್ಮವೂ ಅಲ್ಲ, ಅಧರ್ಮವೂ ಅಲ್ಲ. ಯಾರ ನೋವನ್ನು ನೋಡಿ ಅದು ಹುಟ್ಟಿತು ಎಂಬುದರಲ್ಲಿ ಅದರ ಬೆಲೆಯಿದೆ.

ಆದುದರಿಂದ ಸಾಮಾಯಿಕದಲ್ಲಿ ಕಾಲು ಚಾಚಿದ ಗರ್ಭಿಣಿಗೆ ಪ್ರಾಯಶ್ಚಿತ್ತದ ಉಪವಾಸ ಬೇಕಿಲ್ಲ. ಅಲ್ಲಿ ಪ್ರಮಾದವಿಲ್ಲದಿರುವುದರಿಂದ ಅತಿಚಾರವೂ ಇಲ್ಲ. ಅವಳಿಗೆ ಬೇಕಾದುದು ರಕ್ತದ ಒಂದು ಪರೀಕ್ಷೆ, ಬಲ್ಲ ವೈದ್ಯರ ಸಲಹೆ, ಹಗಲಿನಲ್ಲಿ ಒಂದು ಗುಳಿಗೆ, ಸಂಜೆಗೆ ಮನೆಯವರ ಆಸರೆ. ಕಾರಣವನ್ನು ವಿಚಾರಿಸದೆ ಅವಳ ಶ್ರದ್ಧೆಯನ್ನು ಶಂಕಿಸಿದವರಲ್ಲಿ ಮಾತ್ರ ಪ್ರಮಾದವುಂಟು, ಏಕೆಂದರೆ ವಿಚಾರಿಸಲು ಅವರಿಗೆ ಅವಕಾಶವಿತ್ತು. ಅಂಥವರು ಅದನ್ನು ಆಲೋಚನೆಯಿಂದ, ಮೃದುವಾದ ಒಂದು ಮಾತಿನಿಂದ ಶುದ್ಧಮಾಡಿಕೊಳ್ಳಲಿ. ಶಕ್ತಿಯನ್ನರಿತು ವ್ರತ ನಡೆಯಲಿ. ಎರಡು ಜೀವಗಳಿಗೂ ಕ್ಷೇಮವಾಗಲಿ.